ಯಾರ ಕೈ ಜಾರಿತು

ಬೀಗತಿಯ ಕೈಯನ್ನು ಸುಟ್ಟವನು ನಾನು. ಕುದಿಯುವ ಸಕ್ಕರೆಯ ಬಾಣಲೆ ತಾನಾಗಿ ಉರುಳಲಿಲ್ಲ, ಆಕೆಯ ಬೆರಳು ನಡುಗಲಿಲ್ಲ — ನಾನು ಆಕೆಯ ಮಣಿಕಟ್ಟನ್ನು ಹಿಡಿದು ತಿರುಚಿದೆ. ಜಾನ್ಸ್ ಕ್ರೀಕ್ ಎಂಬ ಈ ಪರದೇಶದ ಊರಿನ ಮಗಳ ಮನೆಯಲ್ಲಿ ಇಷ್ಟು ಕಾಲ ಬೇರೆಯೇ ಕಥೆ ಚಲಾವಣೆಯಲ್ಲಿದೆ. ಆ ಕಥೆ ಹೊರಟದ್ದೂ ನನ್ನ ಬಾಯಿಂದಲೇ.

ಬೀಗತಿ ಎಂದರೆ ರೂತ್, ನನ್ನ ಅಳಿಯ ಡೇವಿಡ್‌ನ ತಾಯಿ. ಅವರದು ಯಹೂದಿ ಮನೆತನ. ಶುಕ್ರವಾರ ಸೂರ್ಯ ಮುಳುಗಿದರೆ ಅವರಿಗೆ ಸಬ್ಬತ್; ಆಮೇಲೆ ಒಲೆ ಹೊತ್ತಿಸುವಂತಿಲ್ಲ. ಆದ್ದರಿಂದ ಹಗಲಿರುವಾಗಲೇ ಹತ್ತಿರದ ಊರು ಆಲ್ಫರೆಟಾದ ತಮ್ಮ ಮನೆಯಿಂದ ಬಂದು ನಮ್ಮ ಅಡುಗೆಮನೆಯಲ್ಲಿ ಕುಗೆಲ್ ಮಾಡುತ್ತಿದ್ದರು. ಶಾವಿಗೆಯಂಥ ಸಣ್ಣ ನೂಡಲ್ಸ್‌ಗೆ ಎಣ್ಣೆಯಲ್ಲಿ ಕಪ್ಪಾಗುವಷ್ಟು ಕಾಯಿಸಿದ ಸಕ್ಕರೆ, ಮೊಟ್ಟೆ, ಧಾರಾಳವಾಗಿ ಕರಿಮೆಣಸು — ಎಲ್ಲ ಕಲಸಿ ಓವನ್ನಿನಲ್ಲಿ ಇಡೀ ರಾತ್ರಿ ಸಣ್ಣ ಕಾವಿಗೆ ಬಿಡುತ್ತಿದ್ದರು. ಮರುದಿನ ಹೊರಬರುತ್ತಿದ್ದುದು ಸಿಹಿಯೂ ಖಾರವೂ ಆದ ಒಂದು ಕಂದು ಗಡ್ಡೆ. ನಾನು ಅದನ್ನು 'ಸುಟ್ಟ ಶಾವಿಗೆ' ಎಂದು ಹಂಗಿಸುತ್ತಿದ್ದೆ. ಬೀಗರ ನಡುವೆ ಕುಚೋದ್ಯ ಸಲ್ಲುತ್ತದೆ ಎಂಬ ನಮ್ಮ ಕಡೆಯ ರೂಢಿಯನ್ನು ಗುರಾಣಿಯಾಗಿ ಹಿಡಿದಿದ್ದೆ.

ಏಳನೆಯ ಇಯತ್ತೆಗೇ ಶಾಲೆ ಬಿಟ್ಟವನು ನಾನು. ಗದಗಿನ ಬಟ್ಟೆ ಅಂಗಡಿಯಲ್ಲಿ ಥಾನುಗಳ ಮೇಲೆ ಕುಳಿತು ಓದಿದೆ, ಓದಿದ್ದನ್ನೆಲ್ಲ ಶಂಕಿಸಿದೆ. ಪುರಾಣಿಕರಿಗೂ ಪ್ರೊಫೆಸರರಿಗೂ ನನ್ನದು ಒಂದೇ ಪ್ರಶ್ನೆ: ಕಂಡವರಾರು? ಅದನ್ನು ಕೇಳಿ ಎದುರಿನವರು ತಡವರಿಸಿದಾಗ ಆಗುತ್ತಿದ್ದ ಸುಖ — ಅದನ್ನು ಜ್ಞಾನವೆಂದು ತಿಳಿದಿದ್ದೆ.

ಆ ಶುಕ್ರವಾರ ರೂತ್ ಸಕ್ಕರೆ ಕಾಯಿಸುತ್ತ ತಮ್ಮ ಮುತ್ತಜ್ಜಿಯ ಕಥೆ ಹೇಳಿದರು. ಹಿಂದೊಮ್ಮೆ ಹೀಗೆಯೇ ಸಕ್ಕರೆ ಒಲೆಯ ಮೇಲಿದ್ದಾಗ ಯಹೂದಿಗಳನ್ನು ಅರಸಿ ಬಂದ ಗುಂಪೊಂದು ಬಾಗಿಲು ಮುರಿದು ನುಗ್ಗಿತಂತೆ. ಆಕೆಯ ಗಂಡನನ್ನು ಹೊಸ್ತಿಲಲ್ಲೇ ದೊಣ್ಣೆಯಿಂದ ಬಡಿದು ಕೊಂದಿತಂತೆ. ಒಲೆಯ ಮೇಲಿನದು ಕಪ್ಪಾಯಿತು. ಮನೆಯಲ್ಲಿ ಬೇರೆ ಸಕ್ಕರೆ ಇರಲಿಲ್ಲ. ಮಕ್ಕಳಿಗೆ ಅದನ್ನೇ ಕಲಸಿ ಕೊಟ್ಟಳು. ಅಂದಿನಿಂದ ಅವರ ಮನೆಯ ಹೆಂಗಸರು ಬೇಕೆಂದೇ ಕಪ್ಪು ಮಾಡುತ್ತಾರೆ.

"ಯಾರು ನೋಡಿದ್ರು?" ನನ್ನ ಮುರುಕು ಇಂಗ್ಲಿಷಿನಲ್ಲಿ ಕೇಳಿದೆ. "ಎಲ್ಲಾರ ಮನ್ಯಾಗೂ ಇಂಥಾ ಒಬ್ಬಾಕಿ ಅಜ್ಜಿ ಇರ್ತಾಳ. ಸಕ್ಕರಿ ಸೀಯಿಸಿದಾಕಿ ಕಥಿ ಕಟ್ಟಿರ್ತಾಳ" — ಇದನ್ನು ಕನ್ನಡದಲ್ಲೇ ಅಂದೆ. ಧಾಟಿ ಅವರಿಗೆ ಅರ್ಥವಾಯಿತು.

ಬಾಣಲೆಯಿಂದ ಹೊಗೆ ಎದ್ದಿತು. ಪಾಕವೆಂದರೇನೆಂದು ಬಲ್ಲೆನೆಂಬ ಹಮ್ಮಿನಲ್ಲಿ, "ಸೀದು ಹೋಗ್ತದ, ಇಳಸ್ರಿ!" ಎಂದೆ.

"ನಾಟ್ ಯೆಟ್, ಬೀಗರೇ." ಮಗಳು ಶಾರದಾ ಕಲಿಸಿದ್ದ ಆ ಒಂದು ಕನ್ನಡ ಪದ. ಆಮೇಲೆ ನಕ್ಕರು. "ಪುಸ್ತಕ ನಿಮಗೆ, ಸಕ್ಕರೆ ನನಗೆ," ಎಂದರು ಇಂಗ್ಲಿಷಿನಲ್ಲಿ.

ಆ ನಗು — ಇಲ್ಲ, ನಗುವಿನ ಮೇಲೆ ಹೊರಿಸಲಾರೆ. ನಾನು ಬಾಣಲೆಯ ಹಿಡಿಗೆ ಕೈ ಹಾಕಿದೆ; ಅವರು ಬಿಡಲಿಲ್ಲ. ಅವರ ಬಲಗೈಯನ್ನು ಹಿಡಿದು, ಒದ್ದೆ ಬಟ್ಟೆ ಹಿಂಡುವ ಹಾಗೆ ತಿರುಚಿದೆ. ಒಳಗೆ ಏನೋ ಲಟಕ್ಕೆಂದಿತು. ಬಾಣಲೆ ಅವರ ಕೈಮೇಲೆ ಮಗುಚಿತು. ನೀರು ಬಿದ್ದರೆ ಹರಿದು ಹೋಗುತ್ತದೆ. ಸಕ್ಕರೆ ಅಂಟಿಕೊಂಡು ಬೇಯಿಸುತ್ತಲೇ ಇರುತ್ತದೆ. ಅವರು ಎಡಗೈಯಿಂದ ಅದನ್ನು ಒರೆಸಲು ಹೋದರು — ಚರ್ಮವೂ ಜೊತೆಗೆ ಬಂತು. ಅವರು ಕಿರುಚಿದರು. ಆ ಕಿರುಚಾಟದ ನಡುವೆ ನನ್ನ ಮನಸ್ಸಿನಲ್ಲಿ ಹೊಳೆದ ಮೊದಲ ಮಾತು: ನೋಡಿ, ಸೀದಿತು, ನಾನು ಹೇಳಿರಲಿಲ್ಲವೇ? ಬರೆಯಲು ಕೈ ಹಿಂಜರಿಯುತ್ತದೆ. ಆದರೂ ಹೊಳೆದದ್ದು ಅದೇ.

ಶಾರದಾ ಮಹಡಿಯಿಂದ ಓಡಿ ಬಂದಳು. "ಏನಾತಪ್ಪಾ?"

"ಕೈ ಜಾರ್ತವಾ."

ಅವಳು ಬೀಗತಿಯ ಕೈಯನ್ನು ನಲ್ಲಿಯ ಕೆಳಗೆ ಹಿಡಿದು ಹಿಂದೆ ತಿರುಗಿ ಕೂಗಿದಳು: "ಡೇವಿಡ್! ಹರ್ ಹ್ಯಾಂಡ್ ಸ್ಲಿಪ್ಡ್!"

ಕನ್ನಡದಲ್ಲಿ ಯಾರ ಕೈ ಎನ್ನದೆಯೂ ವಾಕ್ಯ ಮುಗಿಯುತ್ತದೆ. ಇಂಗ್ಲಿಷಿನ ಕೈಗೆ ಒಡೆಯರು ಬೇಕು. ಅವಸರದಲ್ಲಿ ಮಗಳು ಒಡೆತಿಯನ್ನು ಒದಗಿಸಿದಳು. ನಾನು ತಿದ್ದಲಿಲ್ಲ. ಸುಳ್ಳು ಹೇಳಲಿಲ್ಲವಲ್ಲ ಎಂದು ಒಳಗೇ ವಾದಿಸಿದೆ. ಈ ವ್ಯಾಕರಣ ನನಗೆ ಹೊಸದಲ್ಲ. ಶಾರದೆಯ ತಾಯಿ ಬದುಕಿದ್ದಾಗ ನೆರೆಯವರಿಗೆ "ಸಿಟ್ಟಿನ್ಯಾಗ ಒಂದ್ ಏಟ್ ಬಿತ್ತು" ಎನ್ನುತ್ತಿದ್ದೆ. ಹೊಡೆದೆ ಎಂದು ಒಮ್ಮೆಯೂ ಅಂದವನಲ್ಲ.

ಬೀಗತಿಯ ತೊಡೆಯ ಚರ್ಮ ತೆಗೆದು ಕೈಗೆ ಕಸಿ ಮಾಡಿದರು. ಮಣಿಕಟ್ಟಿನ ಮುರಿತವನ್ನು ಬಿದ್ದು ಆದದ್ದೆಂದುಕೊಂಡರು. ಸ್ವತಃ ಡಾಕ್ಟರಾದ ಶಾರದಾ, ಅತ್ತೆಗೆ ಇನ್ನು ಒಲೆ ಅಪಾಯವೆಂದಳು. ಡೇವಿಡ್ ಒಪ್ಪಿದ. ಆಲ್ಫರೆಟಾದ ಮನೆ ಮಾರಿದರು. ವೃದ್ಧರ ವಸತಿಯಲ್ಲಿ ಅವರಿಗೆ ಸಿಕ್ಕ ಕೋಣೆಯಲ್ಲಿ ಕಿಟಕಿಯಿದೆ, ಕುರ್ಚಿಯಿದೆ, ಒಲೆಯಿಲ್ಲ. ಈಗ ಶುಕ್ರವಾರದ ಕುಗೆಲ್ ಅಂಗಡಿಯಿಂದ ಬರುತ್ತದೆ — ಬಿಳಿಚಿಕೊಂಡದ್ದು, ಮೆಣಸಿಲ್ಲದ್ದು.

ಅವರು ನನ್ನನ್ನು ದೂರುವರೆಂದು ಕಾದೆ. ದೂರಿದ್ದರೆ ನಿರಾಕರಿಸಲು ಸಿದ್ಧನಿದ್ದೆ, ಅದನ್ನೂ ಹೇಳಬೇಕು. ಆದರೆ ಮೊನ್ನೆಯ ಶುಕ್ರವಾರ ನಮ್ಮಲ್ಲಿಗೆ ಊಟಕ್ಕೆ ಬಂದು, ನೀರಿನ ಜಗ್ ಎತ್ತಲು ಕೈ ಚಾಚಿದವರು, ಸುಕ್ಕುಗಟ್ಟಿದ ಆ ಕೈಯನ್ನು ಮೇಜಿನ ಕೆಳಗೆ ಸರಿಸಿಕೊಂಡರು. "ನೀನೇ ಹಾಕು, ಶಾರದಾ. ಈ ಕೈಗಳನ್ನು ನಂಬಬಾರದು," ಎಂದರು. "ಆ ದಿನದ್ದು ನನಗೆ ಕಿರುಚಿದ್ದಷ್ಟೇ ನೆನಪು. ನೀನು ಹೇಳುವುದೇ ನಿಜವಿರಬೇಕು."

ನನ್ನ ಸುಳ್ಳನ್ನು ಅವರೂ ನಂಬಿದ್ದಾರೆ. ಬಾಗಿಲು ಮುರಿದ ಗುಂಪನ್ನು ಕಂಡ ಹೆಂಗಸೊಬ್ಬಳು ಕಂಡದ್ದನ್ನು ಮಗಳಿಗೆ ಹೇಳಿಯೇ ಸತ್ತಳು. ನಾನು ಅವಳನ್ನು ಕಟ್ಟುಕಥೆಗಾರ್ತಿ ಎಂದೆ. ಇಲ್ಲಿ ಕಂಡವರಾರು? ನಾನೊಬ್ಬನೇ. ನನಗೂ ವಯಸ್ಸಾಗಿದೆ, ನಾನು ಸತ್ತರೆ ಸುಳ್ಳೇ ಉಳಿಯುತ್ತದೆ.

ತಪ್ಪೊಪ್ಪಿಕೊಳ್ಳಲು ಇಂಗ್ಲಿಷಿನಲ್ಲಿ ನನ್ನ ಬಳಿ ಇರುವುದು 'ಸಾರಿ' ಎಂಬ ಒಂದು ಪದ. ಅಂಗಡಿಯಲ್ಲಿ ಯಾರ ಕಾಲು ತುಳಿದರೂ ಅದನ್ನೇ ಅನ್ನುತ್ತೇನೆ. ಅದು ಸಾಲದು. ಈ ಶುಕ್ರವಾರ ಸಬ್ಬತ್ ಊಟದ ರೊಟ್ಟಿ ಮುರಿಯುವ ಮೊದಲು ಶಾರದೆಗೆ ಕನ್ನಡದಲ್ಲಿ ಹೇಳುತ್ತೇನೆ. ಒಂದು ಪದವೂ ಬಿಡದೆ ಅತ್ತೆಗೆ ಹೇಳು ಎನ್ನುತ್ತೇನೆ. ಕರ್ತೃವಿರುವ ವಾಕ್ಯ: ನಾನು ನಿಮ್ಮ ಕೈ ತಿರುಚಿದೆ.