ಸತ್ತ ಮರಕ್ಕೆ ಸಗಣಿ

ಹಾನುಬಾಳಿನ ಸುತ್ತ ಮರಗಸಿ ಎಂದರೆ ಲಕ್ಕಯ್ಯ. ಕಾಫಿಗೆ ಬೇಕಾದಷ್ಟೇ ಬಿಸಿಲು ಬೀಳುವಂತೆ ನೆರಳಿನ ಮರಗಳ ಕೊಂಬೆ ಸವರುವ ಕೆಲಸ ಅದು. ಐವತ್ತು ದಾಟಿದ ಮೇಲೂ ಅವನು ಮರ ಹತ್ತುವುದನ್ನು ನೋಡಿದರೆ ನೆಲದ ಮೇಲಿದ್ದವರಿಗೇ ತಲೆ ಸುತ್ತಬೇಕು. ಬಾಯಿ ಮಾತ್ರ ಹೊಲಸು. ಮೇಲೆ ಕೂತು ಎಸ್ಟೇಟಿನ ರೈಟರನ್ನೂ ಬಿಡದೆ ಬೈಯುತ್ತಿದ್ದ. ಆದರೆ ಕಡಿದ ಗಾಯಕ್ಕೆ ಸಗಣಿ ಮೆತ್ತದೆ ಇಳಿದವನಲ್ಲ. ಮರ ಕೊಳೆಯಬಾರದಲ್ಲ!

ಮರದ ಕಂಟ್ರಾಕ್ಟರ್ ಸುರೇಂದ್ರ ಒಂದು ದಿನ ಅವನನ್ನು ಸ್ಟೋರಿನ ಹಿಂದಕ್ಕೆ ಕರೆದೊಯ್ದ. ಅಲ್ಲಿ ಬೀಟೆಯ ದಿಮ್ಮಿಗಳು ಬಿದ್ದಿದ್ದವು. ತೋಟದ ಮರವಾಗಿದ್ದರೆ ಮೈಮೇಲೆ ಗಸಿಯ ಗಂಟುಗಳಿರಬೇಕಿತ್ತು. ಇವು ನೆಟ್ಟಗೆ ನುಣ್ಣಗಿದ್ದವು, ಮೀಸಲು ಕಾಡಿನಿಂದ ಕದ್ದ ಮಾಲು.

"ಗಸಿ ಗುರ್ತು ಹಾಕು. ತ್ವಾಟದ್ದು ಅಂತ ಸಾಗಿಸ್ಬೇಕು," ಎಂದ ಸುರೇಂದ್ರ.

"ಕಳ್ ಮಾಲು ಕಣಪ್ಪ ಇದು, ನಂಗ್ಯಾಕೆ..."

ಮಾತು ಮುಗಿಯುವ ಮೊದಲೇ ದವಡೆಗೆ ಗುದ್ದು ಬಿತ್ತು. ನೆಲಕ್ಕುರುಳಿದವನ ಪಕ್ಕೆಗೆ ಬೂಟುಗಾಲಿನಿಂದ ಒದ್ದು, ನಾಳೆಯೇ ಕೂಲಿಗಳ ಲೈನ್ ಮನೆ ಖಾಲಿ ಮಾಡಿಸುತ್ತೇನೆಂದ. ಲಕ್ಕಯ್ಯ ರಕ್ತ ಉಗಿದು ಕತ್ತಿ ಎತ್ತಿಕೊಂಡ. ಅಲ್ಲಲ್ಲಿ ಕಡಿದ, ಮಣ್ಣು ತಿಕ್ಕಿ ಹಳೆಯದಾಗಿಸಿದ. ನೋವಿಗೂ ಸಿಟ್ಟಿಗೂ ಅವನಿಗೆ ಮೈಮೇಲೆ ಎಚ್ಚರವಿರಲಿಲ್ಲ. ಕೈ ತನ್ನ ಪಾಡಿಗೆ ತಾನು ರೂಢಿಯಂತೆ ಗಾಯಗಳಿಗೆಲ್ಲ ಸಗಣಿ ಮೆತ್ತಿಬಿಟ್ಟಿತು.

ಬೆಳಗೋಡಿನ ಬಳಿ ಲಾರಿ ತಡೆದ ಅರಣ್ಯಾಧಿಕಾರಿ ಮೋನಿಕಾ ದಿಮ್ಮಿಗೆ ಮೆತ್ತಿದ ಸಗಣಿಯನ್ನು ಮುಟ್ಟಿ ನೋಡಿದಳು. ಇನ್ನೂ ಹಸಿಯಾಗಿತ್ತು.

"ಸತ್ತ ಮರಕ್ಕೆ ಯಾರ್ರೀ ಔಷಧಿ ಹಚ್ಚೋದು?" ಎಂದು ನಕ್ಕಳು.

ಲಾರಿ ಅಲ್ಲೇ ನಿಂತಿತು. ದಿಮ್ಮಿಯ ಚೂರು, ತೋಟದ ಬೀಟೆಯ ಚೂರು, ಕಾಡಿನಲ್ಲಿ ಉಳಿದ ಬುಡಗಳ ಚೂರು ಎಲ್ಲವೂ ಪ್ರಯೋಗಾಲಯಕ್ಕೆ ಹೋದವು. ಮರ ಯಾವ ನೆಲದ ನೀರು ಕುಡಿದು ಬೆಳೆಯಿತೋ ಅದರ ಗುರುತು ತಿರುಳಿನಲ್ಲೇ ಉಳಿದಿರುತ್ತದಂತೆ.

ಲಕ್ಕಯ್ಯ ಬೇಕೆಂದೇ ಸಗಣಿ ಮೆತ್ತಿ ಹಿಡಿದುಕೊಟ್ಟನೆಂದು ಸುರೇಂದ್ರ ಹಾಡಹಗಲೇ ಲೈನಿಗೆ ನುಗ್ಗಿದ. ಇಬ್ಬರು ಆಳುಗಳು ಲಕ್ಕಯ್ಯನ ಬಲಗೈಯನ್ನು ಸೌದೆ ಕೊರಡಿನ ಮೇಲೆ ಒತ್ತಿ ಹಿಡಿದರು. ಸುರೇಂದ್ರ ಕೊಡಲಿಯ ಹಿಂಬದಿಯಿಂದ ಜಜ್ಜಿದ, ಮೂಳೆಯ ಸದ್ದು ನಿಂತ ಮೇಲೂ ಜಜ್ಜಿದ. ಹೆಂಡತಿ ಭೂತಮ್ಮ ಬೀಸಿದ ಒನಕೆಗೆ ಒಬ್ಬನ ಹಲ್ಲುದುರಿದವು. ಅವಳ ತುರುಬು ಹಿಡಿದು ಗೋಡೆಗೆ ಬಡಿದರು. ಲೈನಿನ ಬಾಗಿಲುಗಳೆಲ್ಲ ಮುಚ್ಚಿಕೊಂಡವು, ಹೇಡಿಗಳು!

"ರಿಪೋರ್ಟ್ ನಮಗೆ ಉಲ್ಟಾ ಬಂದ್ರೆ, ನಾನೊಬ್ನೇ ಕಡ್ದೆ ಅಂತ ಒಪ್ಕೊಂಬುಡು. ಇಲ್ದಿದ್ರೆ ಇನ್ನೊಂದ್ ಕೈನೂ ಇರಲ್ಲ," ಎಂದು ಹೋದ ಸುರೇಂದ್ರ.

ಆಸ್ಪತ್ರೆಯಲ್ಲಿ ಮಣಿಕಟ್ಟಿನವರೆಗೆ ಕೈ ತೆಗೆದರು. ಇನ್ನು ಮರ ಹತ್ತುವಂತಿಲ್ಲ. ಲಕ್ಕಯ್ಯ ಗೋಳೋ ಎಂದು ಅತ್ತ, ಉಳಿದ ಕೈಯನ್ನು ಹೊದಿಕೆಯೊಳಗೆ ಬಚ್ಚಿಟ್ಟುಕೊಂಡು ಮಲಗಿದ.

ವರದಿ ಬಂತು. ದಿಮ್ಮಿ ತೋಟದ್ದಲ್ಲ, ಕಾಡಿನದ್ದು. ಸುರೇಂದ್ರ ತಾನೇ ಲಕ್ಕಯ್ಯನನ್ನು ಅರಣ್ಯ ಕಚೇರಿಗೆ ಕರೆತಂದು, ಹೆಗಲ ಮೇಲೆ ಕೈಯಿಟ್ಟು, "ಹೇಳು ಮಾರಾಯ, ಹೆದರ್ಬೇಡ," ಎಂದ.

ಲಕ್ಕಯ್ಯ ಹೆದರಿದ್ದ. ಆದರೂ ಮೋನಿಕಾಳ ಕಡೆ ತಿರುಗಿದ.

"ಗುರ್ತು ಹಾಕಿದ್ದು ನಾನು ಮೇಡಂ. ಹಾಕ್ಸಿದ್ದು ಈ ಬೋಳಿಮಗ. ಕೈ ಜಜ್ಜಿದ್ದೂ ಇವ್ನೇ."

ಸುರೇಂದ್ರ ಅವನ ಕುತ್ತಿಗೆಗೇ ಕೈ ಹಾಕಿದ. ಲಕ್ಕಯ್ಯ ಬ್ಯಾಂಡೇಜು ಸುತ್ತಿದ ಮೋಟುಗೈಯಿಂದಲೇ ಅವನ ಮೂಗಿಗೆ ಗುದ್ದಿದ. ಇಬ್ಬರ ರಕ್ತವೂ ಮೇಜಿನ ಮೇಲೆ ಬಿತ್ತು. ಗಾರ್ಡುಗಳು ಬಿಡಿಸಿದರು, ಮೋನಿಕಾ ಇಬ್ಬರಿಗೂ ಬೇಡಿ ಹಾಕಲು ಹೇಳಿದಳು. ಬೇಡಿ ತಂದ ಗಾರ್ಡು ಲಕ್ಕಯ್ಯನ ಮುಂದೆ ತಬ್ಬಿಬ್ಬಾಗಿ ನಿಂತ.

ಲಕ್ಕಯ್ಯ ಎಡಗೈ ಮುಂದೆ ಚಾಚಿದ.

"ಒಂದ್ ಕಡೆ ಇದಕ್ಕಾಕು. ಇನ್ನೊಂದು ಅವನ್ ಕೈಗಾಕು ಕಣಪ್ಪ."