ಗೆರೆಭಾವನೂ ಜಾಗ ಹುಡುಕುವ ಪ್ರೋಗ್ರಾಮೂ

ನಮ್ಮ ಭಾವ ಬೀರುವಿನ ಹಿಂದೆ ಸಿಕ್ಕಿಹಾಕಿಕೊಂಡ ಭಾನುವಾರ ಅವರನ್ನು ಬಿಡಿಸಲು ನಾನೇ ಹೋಗಬೇಕಾಯಿತು. ಮನೆಯೊಳಗೆ ಅಕ್ಕನ ಓಡಾಟ ಕಡಿಮೆಯಾಗಲಿ ಎಂದು ಅವರು ಚೌಕುಳಿ ಹಾಳೆಯ ಮೇಲೆ ಕೋಣೆಯ ನಕ್ಷೆ ಬರೆದು, ಮಂಚ, ಮೇಜು, ಬೀರು ಎಲ್ಲಕ್ಕೂ ಜಾಗ ಗೊತ್ತುಮಾಡಿದ್ದರು. ತಮಗೊಂದು ಜಾಗ ಗೊತ್ತುಮಾಡಿರಲಿಲ್ಲ. ಮೂಲೆಯಲ್ಲಿ ನಿಂತು ಬೀರುವನ್ನು ತಮ್ಮ ಕಡೆಗೆ ಎಳೆದುಕೊಂಡರಂತೆ. ಅದು ನಕ್ಷೆಯಲ್ಲಿದ್ದಂತೆಯೇ ಅಚ್ಚುಕಟ್ಟಾಗಿ ಕೂತುಬಿಟ್ಟಿತು.

“ಇರಲಿ ಬಿಡೋ,” ಎಂದಳು ಅಕ್ಕ. “ಆಫೀಸಲ್ಲೂ ಹಿಂಗೇ ಇದಾರೆ. ಇಲ್ಲಿ ಕೂಗಿದ್ರೆ ನನಗಾದ್ರೂ ಕೇಳುತ್ತೆ.”

ಅಕ್ಕನದು ಬರೀ ಕುಚೋದ್ಯವಲ್ಲ. ಭಾವ ಇಪ್ಪತ್ತಾರು ವರ್ಷದಿಂದ ಚಿಪ್‌ಗಳ ನಕ್ಷೆ ಬರೆಯುವವರು. ಉಗುರಿನಗಲದಲ್ಲಿ ಲಕ್ಷಗಟ್ಟಲೆ ಬಿಡಿಭಾಗ. ಯಾವುದರ ಪಕ್ಕ ಯಾವುದು ಕೂರಬೇಕು, ತಂತಿಯ ಗೆರೆ ಎಲ್ಲಿ ಹಾಯಬೇಕು? ಗೆರೆಗೆ ಗೆರೆ ತಾಗಬಾರದು, ಉದ್ದವೂ ಆಗಬಾರದು. ಅದಕ್ಕೇ ಮನೆಯಲ್ಲಿ ಅವರು ಗೆರೆಭಾವ. ಮಾತೂ ಗೆರೆ ಎಳೆದಷ್ಟೇ ನೇರ; ಅಕ್ಕ ಹೊಸ ಕನ್ನಡಕ ಹಾಕಿಕೊಂಡು “ಹೇಗಿದೆ?” ಎಂದಾಗ “ಮುಖಕ್ಕಿಂತ ದೊಡ್ಡದಾಯ್ತು” ಎಂದು ಮೂರು ದಿನ ತಣ್ಣನೆ ಊಟ ಮಾಡಿದವರು.

ಎರಡು ವರ್ಷದ ಹಿಂದೆ ಅದೇ ಕೆಲಸಕ್ಕೆ ಒಂದು ಪ್ರೋಗ್ರಾಮ್ ಬಂತು. ಭಾಗಗಳನ್ನು ತಾನೇ ಕೂರಿಸುತ್ತದೆ, ಅದಲುಬದಲು ಮಾಡುತ್ತದೆ. ತಂತಿ ಗಿಡ್ಡವಾದರೆ ಹಾಗೇ ಬಿಡುತ್ತದೆ, ಉದ್ದವಾದರೆ ಭಾಗವನ್ನು ಮೊದಲಿದ್ದಲ್ಲಿಗೇ ಇಡುತ್ತದೆ. ಭಾವನ ಪಾಲಿಗೆ ಉಳಿದದ್ದು ಅದು ಎಡವಿದ ಕಡೆ ತಿದ್ದುವುದು. ತಿದ್ದಿದ್ದನ್ನೆಲ್ಲ ಅದು ಕಲಿತುಕೊಳ್ಳುತ್ತದೆ. ಚೆನ್ನಾಗಿ ತಿದ್ದಿದರೆ ಇವರ ಅಗತ್ಯ ಒಂದು ಗೇಣು ಕಡಿಮೆ, ತಿದ್ದದಿದ್ದರೆ ಇವತ್ತೇ ಮನೆ. ಆರು ಜನರಿದ್ದ ಕೋಣೆಯಲ್ಲಿ ಈಗ ಇವರೊಬ್ಬರೇ. ಉಳಿದ ಐದು ಕುರ್ಚಿಗಳ ಮೇಲೆ ಹಳೇ ಕಾಗದದ ಕಟ್ಟು. ಬಿಟ್ಟುಹೋಗೋಣವೆಂದರೆ, ಐವತ್ಮೂರರ ಗೆರೆಗಾರನನ್ನು ಯಾರು ಕರೆಯುತ್ತಾರೆ?

ಆ ಭಾನುವಾರದ ಹಿಂದಿನ ವಾರ ಪ್ರೋಗ್ರಾಮೇ ಸಿಕ್ಕಿಕೊಂಡಿತು. ಹನ್ನೊಂದು ತಂತಿಗಳಿಗೆ ದಾರಿಯಿಲ್ಲ. ಯಾವುದನ್ನು ಕೊಂಚ ಸರಿಸಿದರೂ ಇನ್ನಷ್ಟು ಕೆಡುತ್ತದೆ, ಆದ್ದರಿಂದ ಯಾವುದನ್ನೂ ಸರಿಸುವುದಿಲ್ಲ. ನಾಲ್ಕನೆಯ ದಿನ ಭಾವ ಬಿಡಿಭಾಗಗಳ ಒಂದು ದೊಡ್ಡ ಬ್ಲಾಕನ್ನು ಎತ್ತಿ ಎದುರು ಅಂಚಿಗಿಟ್ಟರು. ಯಾವ ಲೆಕ್ಕದಲ್ಲೂ ತಪ್ಪು ಜಾಗ. ಅಲ್ಲಿಂದ ಮತ್ತೆ ಓಡಿಸಿದರೆ ಹನ್ನೊಂದೂ ಸಲೀಸಾಗಿ ಹಾದವು! ಅದು ಹೇಗೆಂದು ಕೇಳಲು ಮ್ಯಾನೇಜರು ಆ ಭಾನುವಾರವೇ ಫೋನ್ ಮಾಡುವವರಿದ್ದರು.

“ಹೇಳಿದ್ರೆ ಅದನ್ನೂ ಕಲಿಯುತ್ತೆ ಭಾವ,” ಎಂದೆ, ಬೀರು ಸರಿಸುತ್ತ. “ಚಿಪ್ ಮಾಡ್ದೋರ ಕೈಗೇ ಚಿಪ್ಪು.”

“ಹೇಳದಿದ್ರೆ ಸಹಕಾರ ಇಲ್ಲ ಅಂತ ಬರೀತಾರಲ್ಲೋ,” ಎಂದರು ಭಾವ, ಅಂಗಿಯ ಧೂಳು ಕೊಡವಿಕೊಂಡು.

“ರೀ, ‘ಎಲ್ಲಾ ಅನುಭವ ಸಾರ್, ಮಾತಲ್ಲಿ ಹೇಳೋಕಾಗಲ್ಲ’ ಅನ್ನಿ. ಇನ್ನೊಂದಕ್ಷರ ಬೇಡ,” ಎಂದಳು ಅಕ್ಕ. ನಾಲ್ಕು ಸಲ ಹೇಳಿಸಿದಳು. ಕಾನ್ವೆಂಟಿನಲ್ಲಿ ಸಿಸ್ಟರ್ ಎದುರು ನಿಂತವರಂತೆ ಭಾವ ನಾಲ್ಕೂ ಸಲ ಒಪ್ಪಿಸಿದರು.

ಹನ್ನೊಂದು ಗಂಟೆಗೆ ಫೋನ್ ಬಂತು. ಅಕ್ಕ ಸ್ಪೀಕರ್ ಒತ್ತಿ ಮೇಜಿನ ಮೇಲಿಟ್ಟಳು.

“ನೋಡಿ,” ಎಂದರು ಮ್ಯಾನೇಜರು, “ಇದು ಯಂತ್ರ ಕಲಿಯೋ ವಿದ್ಯೆ ಅಲ್ಲ, ಇವರ ಕುರ್ಚಿ ಮುಟ್ಟಬೇಡಿ ಅಂತ ಮೇಲಿನೋರಿಗೆ ಬರೆಯೋಣ ಅಂತಿದೀನಿ. ಬರೆಯೋಕೆ ಮುಂಚೆ ಒಂದು ಮಾತು. ಆ ಬ್ಲಾಕ್ ಅಲ್ಲಿಗೇ ಹೋಗ್ಬೇಕು ಅಂತ ನಿಮಗೆ ಹೇಗೆ ಹೊಳೀತು?”

ಅಕ್ಕ ತುಟಿಯಷ್ಟೇ ಆಡಿಸಿ ‘ಅನುಭವ’ ಎಂದಳು. ಭಾವ ಅವಳನ್ನು ನೋಡಿದರು, ನನ್ನನ್ನು ನೋಡಿದರು, ಫೋನಿನತ್ತ ಬಾಗಿದರು.

“ಹೊಳೆದಿದ್ದೇನಿಲ್ಲ ಸಾರ್. ನನ್ನ ಸ್ಕ್ರೀನಲ್ಲಿ ಬಲಗಡೆ ಕೆಳಗೆ ಒಂದು ಕಪ್ಪು ಕಲೆ ಇದೆ, ಬದಲಾಯಿಸಿ ಅಂತ ಮೂರು ಸಲ ಬರ್ದಿದ್ದೆ. ಆ ಬ್ಲಾಕ್ ಸರಿಯಾಗಿ ಅದರ ಅಡೀಲೇ ಇತ್ತು. ಕಾಣಲಿ ಅಂತ ಆಚೆಗಿಟ್ಟೆ. ವಾಪಸ್ ಇಡೋದು ಮರ್ತೋಯ್ತು.”