ಅವನೆದುರಿಗೆ ಮಾತ್ರ ನಡೆಯುವ ಯಂತ್ರ

ನನ್ನ ತಂಗಿಯ ಗಂಡ ಕಂಪ್ಯೂಟರ್ ರಿಪೇರಿಯವನು. ತನ್ನ ತಪ್ಪನ್ನು ಒಪ್ಪಿಕೊಳ್ಳುವ ಜಾತಿಯವನಲ್ಲ. ಕುಣಿಯಲಾರದವರಿಗೆ ನೆಲವಷ್ಟೇ ಡೊಂಕು. ಇವನಿಗೆ ಗೋಡೆ, ಸೂರು, ಹೆಂಡತಿ ಎಲ್ಲವೂ ಡೊಂಕು. ಚಹಾಕ್ಕೆ ಉಪ್ಪು ಹಾಕಿಕೊಂಡ ದಿನವೂ ತಪ್ಪು ಡಬ್ಬಿಯದೇ ಆಗಿತ್ತು.

ಅವನು ನೋಡಿಕೊಳ್ಳುವ ಲ್ಯಾಬಿನಲ್ಲಿ ರಕ್ತ ಪರೀಕ್ಷೆಯ ಯಂತ್ರ ದಿನಾ ಬೆಳಗ್ಗೆ ಕಂಪ್ಯೂಟರಿಗೆ ಸಿಗದೆ ಹೋಗತೊಡಗಿತು. ಪರದೆಯ ಮೇಲೆ ‘ಯಂತ್ರ ಕಾಣುತ್ತಿಲ್ಲ’ ಎಂಬ ಸಾಲು; ಯಂತ್ರವೋ ಮೊಣಕೈಗೆ ತಗಲುವಷ್ಟು ಹತ್ತಿರ. ಖಾಲಿ ಹೊಟ್ಟೆಯಲ್ಲಿ ಬಂದವರು ಅಲ್ಲಿ ಪರೀಕ್ಷೆ ಮಾಡುವ ಹುಡುಗಿಯನ್ನು ಹರಿದು ತಿನ್ನುತ್ತಿದ್ದರು. ತಾನು ಬರುವವರೆಗೆ ಯಾರೂ ಏನನ್ನೂ ಮುಟ್ಟಬಾರದೆಂದು ಇವನ ಕಟ್ಟಪ್ಪಣೆ. ಬಂದು, ಕಂಪ್ಯೂಟರನ್ನು ಆರಿಸಿ ಮತ್ತೆ ಹಾಕಿದರೆ ಯಂತ್ರ ಸಾಧು ಹಸುವಿನಂತೆ ನಿಲ್ಲುತ್ತಿತ್ತು.

“ನನ್ನೆದುರಿಗೆ ಚೆನ್ನಾಗೇ ನಡೆಯುತ್ತಲ್ಲ! ಯಾರ ಕೈ ಎಂಥದ್ದು ಅಂತ ಅದಕ್ಕೂ ಗೊತ್ತು,” ಎನ್ನುತ್ತಿದ್ದ.

ಮಾಲೀಕ ಇದನ್ನು ನಂಬಿದ. “ಇನ್ನೊಂದ್ಸಲ ಹೀಗಾದ್ರೆ ಬೇರೆ ಕೆಲಸ ನೋಡ್ಕೋಮ್ಮ,” ಎಂದ ಹುಡುಗಿಗೆ.

ಹುಡುಗಿ ಇವನನ್ನು ಬಾಗಿಲಲ್ಲೇ ತಡೆದಳು. “ಅಣ್ಣಾ, ನಾಳೆ ಲ್ಯಾಬ್ ತೆಗೆಯೋ ಹೊತ್ತಿಗೇ ಬನ್ನಿ. ನೀವೇ ಸ್ವಿಚ್ ಹಾಕಿ. ಆಮೇಲೆ ನನ್ನ ಕೈನ ಬಯ್ಯಿರಂತೆ.”

ಮರುದಿನ ನನಗೂ ಸಕ್ಕರೆ ಪರೀಕ್ಷೆ ಇದ್ದುದರಿಂದ ಜೊತೆಗೆ ಹೋದೆ. ಇವನೇ ಸ್ವಿಚ್ ಹಾಕಿದ. ಪರದೆಯ ಮೇಲೆ ಮತ್ತೆ ‘ಯಂತ್ರ ಕಾಣುತ್ತಿಲ್ಲ’.

“ನಿಮ್ಮ ಕೈಗೂ ಅದೇ ರೋಗ ಅಂಟಿದೆ,” ಎಂದಳು ಹುಡುಗಿ.

“ಅಕ್ಕ ಹತ್ತಿರ ನಿಂತಿದ್ದಕ್ಕೇ ಹೀಗಾಯ್ತು. ಅಕ್ಕಾ, ಆ ಕಡೆ ಹೋಗಿ.”

ಹೋದೆ. ಆಗಲೂ ಕಾಣಲಿಲ್ಲ. ಬೇರೆ ದಾರಿಯಿಲ್ಲದೆ ಸ್ಟೂಲು ಎಳೆದುಕೊಂಡು ಯಂತ್ರವನ್ನು ದಿಟ್ಟಿಸುತ್ತ ಕೂತ. ಅದು ಗೊರಗುಟ್ಟಿತು, ಬೆಚ್ಚಗಾಯಿತು, ಸೂಜಿಯನ್ನು ಮೇಲೆ ಕೆಳಗೆ ಆಡಿಸಿತು. ಕೊನೆಗೊಮ್ಮೆ ಹಸಿರು ದೀಪ ಹತ್ತಿತು. ಕಂಪ್ಯೂಟರ್ ಅಷ್ಟರಲ್ಲಿ “ಯಾರಿದ್ದೀರಿ?” ಎಂದು ಒಮ್ಮೆ ಕೂಗಿ, ಉತ್ತರ ಬಾರದೆ, ತನ್ನ ಪಾಡಿಗೆ ಮುಂದೆ ಹೋಗಿಯಾಗಿತ್ತು. ಇವನು ಸೆಟ್ಟಿಂಗ್ ತೆರೆದು, ಸ್ವಲ್ಪ ಕಾದು ಆಮೇಲೆ ಹುಡುಕುವಂತೆ ಬದಲಿಸಿದ. ಎಲ್ಲವನ್ನೂ ಆರಿಸಿ, ಯಂತ್ರ ತಣ್ಣಗಾದ ಮೇಲೆ ಮತ್ತೆ ಹಾಕಿದ. ಸಿಕ್ಕಿತು.

“ಅಂದ್ರೆ, ದಿನಾ ನೀವು ಬರೋಷ್ಟರಲ್ಲಿ ಅದಕ್ಕೆ ಎಚ್ಚರ ಆಗಿರ್ತಿತ್ತು. ನಾನೇ ಆರಿಸಿ ಹಾಕಿದ್ರೂ ಸಿಗ್ತಿತ್ತು,” ಎಂದಳು ಹುಡುಗಿ.

ಇವನು ಬೇಡದ ಕೇಬಲ್ಲೊಂದನ್ನು ಸುತ್ತತೊಡಗಿದ.

ಮಾಲೀಕ ಒಳಗೆ ಬಂದ. “ಏನಂತೆ? ಏನು ಎಡವಟ್ಟು ಮಾಡಿದ್ಲು?”

“ಇವಳದ್ದೇನಿಲ್ಲ. ಕಾಯೋ ಸೆಟ್ಟಿಂಗು. ಕಂಪನಿಯಿಂದಲೇ ಹಾಗೆ...”

“ಕಂಪನಿಯವರು ನೋಡಿ, ಎಲ್ಲ ಸರಿ ಇದೆ ಅಂದು ಹೋಗಿದ್ದಾರೆ. ಸುಮ್ನೆ ಇವಳ ಪರ ವಹಿಸಬೇಡಿ.”

ಹುಡುಗಿ ಕೈಗವಸು ಕಳಚಿ ಮೇಜಿನ ಮೇಲಿಟ್ಟು, ಹೊರಡಲು ತನ್ನ ಚೀಲ ಎತ್ತಿಕೊಂಡಳು.

“ನಾನೇ ತಪ್ಪಾಗಿ ಇಟ್ಟಿದ್ದೆ ಸಾರ್,” ಎಂದ ಇವನು. ಆ ಬೆಳಗಿನವರೆಗೆ ಅವನು ಆ ಸೆಟ್ಟಿಂಗನ್ನು ತೆರೆದೇ ಇರಲಿಲ್ಲ.